ಕತ್ತರಿಯಕ್ಕನಿಗೆ ಬಂದ ಸುಟ್ಟ ವಾಸನೆ

ಆ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವಳು ಕತ್ತರಿಯಕ್ಕ ಒಬ್ಬಳೇ. ಸೀಮೆಸುಣ್ಣದಲ್ಲಿ ನಾಲ್ಕು ಗೆರೆ ಎಳೆದು ಕತ್ತರಿ ಇಟ್ಟಳೆಂದರೆ ಎಂಥ ಡೊಳ್ಳುಹೊಟ್ಟೆಯೂ ಅಂಗಿಯೊಳಗೆ ಮರ್ಯಾದೆಯಿಂದ ಕೂರುತ್ತಿತ್ತು. ಮೇಜಿನ ಆಚೆ ತುದಿಯಲ್ಲಿ ಇಸ್ತ್ರಿಯಣ್ಣ. ಅವನಿಗೆ ಅವಳು ಅಕ್ಕ, ಅವಳಿಗೆ ಅವನು ಅಣ್ಣ. ಯಾರು ದೊಡ್ಡವರೆಂದು ಇಬ್ಬರಿಗೂ ಗೊತ್ತಿಲ್ಲ. ಆದರೆ ಇಬ್ಬರಿಗೂ ಎಣ್ಣೆ ಸೀಗೆಕಾಯಿ.

ಕಾರಣ ಒಂದೇ ಮಾತು. ವರ್ಷಕ್ಕೊಮ್ಮೆಯೋ ಎರಡು ಸಲವೋ ಅಕ್ಕ ಇದ್ದಕ್ಕಿದ್ದಂತೆ ಮೂಗರಳಿಸಿ, "ಅಣ್ಣಾ, ಬಟ್ಟೆ ಸುಡ್ತಾ ಇದೆಯಾ?" ಎನ್ನುವಳು.

"ಇಪ್ಪತ್ತು ವರ್ಷದಲ್ಲಿ ಒಂದು ಕರವಸ್ತ್ರ ಸುಟ್ಟಿಲ್ಲ ನಾನು! ನಿನ್ನ ಮೂಗೇ ಸುಟ್ಟಿರ್ಬೇಕು, ನೋಡ್ಕೊ!"

ಅವಳು ಕತ್ತರಿ ಕೆಳಗಿಟ್ಟು ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವಳು. ಮುನಿಸಿಕೊಂಡಳು ಅಂತ ಇವನ ಲೆಕ್ಕ.

ಒಂದು ದಿನ ಕೋಣೆಯವರೆಗೆ ಹೋಗಲಾಗಲಿಲ್ಲ. ಮೇಜಿನ ಪಕ್ಕದಲ್ಲೇ ಬಿದ್ದಳು, ಕೈಕಾಲು ಅದುರಿದವು. "ಕಬ್ಬಿಣ ಕೊಡಿ, ಕಬ್ಬಿಣ!" ಎಂದು ಕೂಗುತ್ತ ಇಸ್ತ್ರಿಯಣ್ಣನೇ ದೊಡ್ಡ ಕತ್ತರಿಯನ್ನು ಅವಳ ಮುಷ್ಟಿಗೆ ತುರುಕಿದ. ಅಂಗೈ ಕೊಯ್ದುಹೋಯಿತು.

ಮರುದಿನ ಯಜಮಾನರು ಅವಳ ಮುಖ ನೋಡದೆ ಹೇಳಿದರು: "ಇನ್ಮೇಲೆ ಗುಂಡಿ ಹಾಕು ಸಾಕು. ಕತ್ತರಿ ಮುಟ್ಬೇಡ."

ಅಕ್ಕ ಪಟ್ಟಿ ಸುತ್ತಿದ ಕೈ ಎತ್ತಿದಳು. "ಕಬ್ಬಿಣ ಹಿಡಿದ್ರೆ ಮೂರ್ಛೆ ನಿಲ್ಲೋದಾದ್ರೆ, ಹದಿನೆಂಟು ವರ್ಷದಿಂದ ನಾನು ಹಿಡಿದಿರೋದೇನು ಯಜಮಾನ್ರೇ, ಬೆಣ್ಣೆ ಮುದ್ದೇನಾ?"

ಹೊಲಿಗೆ ಯಂತ್ರಗಳ ಹಿಂದೆ ಯಾರೋ ಕಿಸಕ್ಕೆಂದರು.

"ಇದು ಮೆದುಳಿನ ಕಾಯಿಲೆ. ಅಂಟಲ್ಲ, ಯಾರ ಶಾಪಾನೂ ಅಲ್ಲ. ದಿನಾ ಮಾತ್ರೆ ನುಂಗ್ತೀನಿ. ಬರೋ ಮುಂಚೆ ಸುಟ್ಟ ವಾಸನೆ ಬರುತ್ತೆ, ಆಗಲೇ ಕತ್ತರಿ ಇಟ್ಬಿಡ್ತೀನಿ. ಬಿದ್ರೆ ತಲೆ ಕೆಳಗೆ ಏನಾದ್ರೂ ಮೆತ್ತಗಿರೋದು ಇಡಿ, ಮಗ್ಗುಲಿಗೆ ಹೊರಳಿಸಿ. ಹಿಡಿದು ಅದುಮಬೇಡಿ, ಬಾಯಿಗೆ ಏನೂ ಹಾಕ್ಬೇಡಿ. ಗಡಿಯಾರ ನೋಡ್ತಿರಿ. ಐದು ನಿಮಿಷ ದಾಟಿದ್ರೆ ಆಸ್ಪತ್ರೆ. ನಂದು ಎರಡು ನಿಮಿಷದಲ್ಲಿ ಮುಗಿಯುತ್ತೆ."

"ಅಲ್ಲೀವರೆಗೆ ಕತ್ತರಿ ನಿಂದೇ. ಇನ್ನೊಂದು ಸಲ ಬಂದಾಗ ನೋಡೋಣ. ಆಮೇಲೆ ನನ್ನ ತೀರ್ಮಾನ," ಎಂದರು ಯಜಮಾನರು.

ಇಸ್ತ್ರಿಯಣ್ಣನ ಮುಖ ಸಣ್ಣದಾಗಿತ್ತು. "ಆ ವಾಸನೆಗಾ ನಾನು ಇಷ್ಟು ವರ್ಷ ಬೈದಿದ್ದು?"

"ಬೈಯೋದು ಬಿಡ್ಬೇಡಪ್ಪ. ನೀನು ಸುಟ್ಟಿಲ್ಲ ಅಂದ್ರೆ ತಾನೇ ಇದು ಕಾಯಿಲೆ ವಾಸನೆ ಅಂತ ನಂಗೆ ಖಾತ್ರಿ ಆಗೋದು!"

ಏಳು ತಿಂಗಳು ಕಳೆದವು. ಒಂದು ಮಧ್ಯಾಹ್ನ ಅಕ್ಕ ಮೂಗರಳಿಸಿದಳು. "ಅಣ್ಣಾ..."

"ಸುಟ್ಟಿಲ್ಲ ಅಕ್ಕ. ಕತ್ತರಿ ಇಲ್ಲಿ ಕೊಡು. ಕೂತ್ಕೊ."

ಅವಳು ಅದುರುತ್ತ ಒರಗಿದಾಗ ಮಡಚಿದ ಬಟ್ಟೆಯನ್ನು ತಲೆಯಡಿ ಇಟ್ಟ, ಮೆಲ್ಲಗೆ ಮಗ್ಗುಲಾಗಿಸಿದ. ಓಡಿಬಂದವರಿಗೆ, "ಗಾಳಿ ಬಿಡಿ! ಇಲ್ಲೇನು ಜಾತ್ರೇನಾ?" ಎಂದು ಗದರಿದ. ಕಣ್ಣು ಗೋಡೆಯ ಗಡಿಯಾರ ಬಿಟ್ಟು ಕದಲಲಿಲ್ಲ. ಎರಡು ನಿಮಿಷಕ್ಕೆ ಅದುರುವುದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಅವಳು ಕಣ್ಣು ಬಿಟ್ಟಳು.

"ಇನ್ನೂ ವಾಸನೆ ಬರ್ತಿದೆ ಅಣ್ಣಾ..."

"ಈ ಸಲ ನಿಜವಾಗ್ಲೂ ಸುಟ್ಟಿದೆ ಕಣಕ್ಕ," ಎಂದ ಅವನು, ಅಳುವುದೋ ನಗುವುದೋ ತಿಳಿಯದೆ.

ಅವನು ಬಿಟ್ಟು ಓಡಿದ್ದ ಇಸ್ತ್ರಿಪೆಟ್ಟಿಗೆ ಯಜಮಾನರ ಹೊಸ ಅಂಗಿಯ ಬೆನ್ನು ಕೊರೆದಿತ್ತು. ಯಜಮಾನರು ಅಂಗಿ ಎತ್ತಿ, ಆ ತೂತಿನಿಂದ ಇಬ್ಬರನ್ನೂ ಇಣುಕಿ ನೋಡಿದರು.

"ಇವತ್ತು ಮಲ್ಕೊಳ್ಳಮ್ಮಾ. ನಾಳೆ ನನ್ನ ಅಳತೆ ತಗೊಂಡು ಇನ್ನೊಂದು ಕತ್ತರಿಸು. ಹೊಟ್ಟೆ ಹತ್ರ ಸ್ವಲ್ಪ ಸಡಿಲ ಇರ್ಲಿ."