ದಾರಿ ನೋಡ್ಕೋ ಅಕ್ಕಾ

ಹೋಳಿಗೆ ಮಾಡಿಸ್ತಿದ್ದೀನಿ ಬಾ ಎಂದು ಶ್ರೀನಿವಾಸಪುರದಿಂದ ತಮ್ಮ ಫೋನ್ ಮಾಡಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಸುಮ್ಮಸುಮ್ಮನೆ ಹೋಳಿಗೆ ಮಾಡಿಸುವ ಪೈಕಿ ಅಲ್ಲ ಅವನು. ಆದರೂ ತವರು ಎಂದರೆ ಕಾಲು ತಾನಾಗಿಯೇ ಮುಂದೆ ಹೋಗುತ್ತದೆ. ಕೋಲಾರದಲ್ಲಿ ಬೆಳಗಿನ ಬಸ್ಸು ಹತ್ತಿಯೇಬಿಟ್ಟೆ.

ಊಟ ಮುಗಿಯುವ ಹೊತ್ತಿಗೆ ಎಲ್ಲ ತಿಳಿಯಿತು. ತೀರಿಹೋದ ಅಪ್ಪನ ಮಾವಿನ ತೋಪಿನಲ್ಲಿ ನನಗೂ ಪಾಲಿದೆ. ಅದನ್ನು ಬಿಟ್ಟುಕೊಟ್ಟೆ ಎಂದು ಇವತ್ತೇ ರಿಜಿಸ್ಟ್ರಾರ್ ಆಫೀಸಿನಲ್ಲಿ ರುಜು ಹಾಕಬೇಕು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಚಿಕ್ಕಪ್ಪ, ಅಡುಗೆಮನೆಯ ಹೊಸ್ತಿಲಲ್ಲಿ ಚಿಕ್ಕಮ್ಮ, ನನ್ನ ಮಗ್ಗುಲಲ್ಲೇ ಸೀರೆ, ಅರಿಶಿನ ಕುಂಕುಮದ ತಟ್ಟೆ ಹಿಡಿದ ತಮ್ಮನ ಹೆಂಡತಿ. ಹೊರಗೆ ಕಾರು ನಿಂತಿತ್ತು. ನಮ್ಮ ಕಡೆ ಹೆಣ್ಣುಮಕ್ಕಳು ಅರಿಶಿನ ಕುಂಕುಮ ತಗೊಂಡು ರುಜು ಹಾಕುವುದು ಎಷ್ಟು ಸಲೀಸಾಗಿ ನಡೆದುಬಂದಿದೆಯೆಂದರೆ, ಮೊದಲು ಒಂದು ಮಾತು ಕೇಳೋಣ ಎಂದು ಯಾರಿಗೂ ಅನ್ನಿಸುವುದಿಲ್ಲ.

“ಎಂತಸೇಪು ಅಮ್ಮಾ?” ಅವಸರವಾದಾಗ ಚಿಕ್ಕಪ್ಪ ತೆಲುಗಿಗೆ ಇಳಿಯುತ್ತಾರೆ. “ಇನ್ನೂ ಎಷ್ಟೊತ್ತು? ಆಫೀಸ್ ಮುಚ್ಚಿಬಿಡ್ತಾರೆ ಕಣಮ್ಮ, ಏಳು.”

ಆ ತೋಪಿನ ಬಾದಾಮಿ ಮಾವಿನ ಸಸಿಗಳಿಗೆ ಅಪ್ಪನ ಹಿಂದೆ ಬಿಂದಿಗೆಯಲ್ಲಿ ನೀರು ಹೊತ್ತವಳು ನಾನು. ತೋಪು ನನಗೆ ಬೇಕು. ತಮ್ಮನೂ ಬೇಕು. ಎರಡೂ ಬೇಕು ಎನ್ನಲು ಆ ಹಜಾರದಲ್ಲಿ ಜಾಗವೇ ಇರಲಿಲ್ಲ.

ನನ್ನನ್ನು ಮೆತ್ತಗೆ ಮಾಡಲೆಂದು ತಮ್ಮ ಅಟ್ಟದಿಂದ ಒಂದು ಡಬ್ಬ ಇಳಿಸಿದ. ಚಿಕ್ಕಂದಿನಲ್ಲಿ ಅಪ್ಪನ ಸ್ನೇಹಿತರು ದುಬೈನಿಂದ ತಂದುಕೊಟ್ಟಿದ್ದ, ಟಿವಿಗೆ ಸಿಕ್ಕಿಸಿ ಆಡುವ ‘ಅಟಾರಿ’ ವಿಡಿಯೊ ಗೇಮ್. ಅದರ ಜಾಯ್‌ಸ್ಟಿಕ್ ಕೋಲಿಗಾಗಿ ನಾವಿಬ್ಬರೂ ಜುಟ್ಟು ಹಿಡಿದುಕೊಂಡು ಹೊಡೆದಾಡಿದ್ದೆವು. ಧೂಳು ಒರೆಸುತ್ತಾ ಅವನು ಶುರುಮಾಡಿದ.

“ಇದಕ್ಕೆ ಈ ಹೆಸರು ಹೆಂಗ್ ಬಂತು ಗೊತ್ತೇನಕ್ಕಾ? ಫೋನಲ್ಲಿ ಓದ್ದೆ. ಜಪಾನಲ್ಲಿ ಒಂದು ಕಲ್ಲಿನ ಆಟ ಐತಂತೆ. ಎದುರಿನೋರ ಕಲ್ಲನ್ನ ಸುತ್ತುಗಟ್ಟಿ, ಇನ್ನೊಂದು ಕಲ್ಲಿಟ್ರೆ ಅದು ಸಿಕ್ಕಿಬಿತ್ತು ಅನ್ನೋವಾಗ ‘ಅತಾರಿ’ ಅಂತಾರಂತೆ. ಇದನ್ನ ಮಾಡ್ದೋರಿಗೆ ಆ ಆಟದ ಹುಚ್ಚಂತೆ. ಆ ಮಾತನ್ನೇ ಹೆಸರಿಟ್ಬಿಟ್ರು. ನಮ್ಮ ಆಡು-ಹುಲಿ ಥರಾನೇ ಅಲ್ವಾ?”

ಥರಾನೇ. ಜಗಲಿಯ ಚಪ್ಪಡಿಯ ಮೇಲೆ ಗೀರಿದ ಮನೆಗಳು ಈಗಲೂ ಇವೆ. ಹುಣಸೆಬೀಜದ ಆಡುಗಳು ಅವನವು, ಕಲ್ಲಿನ ಹುಲಿಗಳು ನನ್ನವು. ಆಗಿನ್ನೂ ಇದ್ದ ಅಮ್ಮನದು ಒಂದೇ ಕಟ್ಟಪ್ಪಣೆ: ಹುಲಿಯ ಕೊನೆಯ ದಾರಿ ಕಟ್ಟುವ ಮುಂಚೆ ಬಾಯಿಬಿಟ್ಟು ಹೇಳಬೇಕು. ಹೇಳದೆ ಕಟ್ಟಿದರೆ ಅಮ್ಮ ಬೀಜಗಳನ್ನೆಲ್ಲ ಬಾಚಿ ಅಂಗಳಕ್ಕೆ ಎಸೆಯುತ್ತಿದ್ದಳು. ಅವನು ಬೀಜ ಹಿಡಿದು, ಗೆದ್ದ ಖುಷಿಯಲ್ಲಿ ರಾಗವಾಗಿ “ದಾರಿ ನೋಡ್ಕೋ ಅಕ್ಕಾ” ಎನ್ನುತ್ತಿದ್ದ.

“ಇವತ್ತು ನೀನು ಹೇಳ್ಲೇ ಇಲ್ವಲ್ಲೋ,” ಎಂದೆ.

ನಗುತ್ತಿದ್ದವನ ಮುಖ ಇಳಿದುಹೋಯಿತು.

“ಏನು ಹೇಳ್ಬೇಕಿತ್ತು ಇವ್ನು?” ಚಿಕ್ಕಪ್ಪ ರೇಗಿದರು.

ತಮ್ಮ ಡಬ್ಬವನ್ನು ಕೆಳಗಿಟ್ಟ. ನನ್ನ ಮುಖ ನೋಡದೆ, ಈ ಸಲ ರಾಗವಿಲ್ಲದೆ ಹೇಳಿದ.

“ದಾರಿ ನೋಡ್ಕೋ ಅಕ್ಕಾ.”

ಎದ್ದೆ. ತಟ್ಟೆಯಿಂದ ಕುಂಕುಮ ಹಚ್ಚಿಕೊಂಡೆ, ಸೀರೆ ಮುಟ್ಟಲಿಲ್ಲ. ಚಿಕ್ಕಪ್ಪನ ಕುರ್ಚಿ ದಾಟಿಕೊಂಡು ಹೊರಗೆ ಬಂದು ಬಸ್‌ಸ್ಟ್ಯಾಂಡಿಗೆ ನಡೆದೆ. ಹಿಂದಿನಿಂದ ಯಾರಾದರೂ ಕರೆಯುತ್ತಾರೇನೋ ಎಂದು ಕಿವಿ ಕಾದೇ ಇತ್ತು. ಯಾರೂ ಕರೆಯಲಿಲ್ಲ.

ಈ ಸಲದ ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರಲಿಲ್ಲ. ತೋಪಿನಲ್ಲಿ ನನ್ನ ಪಾಲು ಹಾಗೇ ಇದೆ. ಹೋಗಿ ಮರಗಳನ್ನು ನೋಡಿಬರಬೇಕೆಂದರೆ ಅವನ ಜಗಲಿಯ ಮುಂದೆಯೇ ಹಾದುಹೋಗಬೇಕು. ಬೇರೆ ದಾರಿ ಇಲ್ಲ.