ಕಾಡುದಾರಿಗೆ ಅಡ್ಡ ಕೂತ ಗೇರಕ್ಕ

ಗೇರ್ ಬದಲಿಸುವಾಗ ಜೀಪು ಹಾಕುತ್ತಿದ್ದ ಕೂಗಿಗೆ ಊರೆಲ್ಲ ಎಚ್ಚರವಾಗುತ್ತಿತ್ತು. ಹಾಗಾಗಿ ಅವಳು ಗೇರಕ್ಕ. ಅಪ್ಪನ ಕಣ್ಣಿಗೆ ಪೊರೆ ಬಂದ ದಿನ ಸ್ಟಿಯರಿಂಗ್ ಹಿಡಿದವಳು, ತಲೆ ಅರ್ಧ ನರೆತರೂ ಬಿಟ್ಟಿರಲಿಲ್ಲ. "ಹೆಂಗಸು ಓಡಿಸೋ ಗಾಡೀಲಿ ನಾನು ಕೂರಲ್ಲ" ಎಂದ ಮಹಾನುಭಾವನೊಬ್ಬನನ್ನು ಸುರಿಯುವ ಮಳೆಯಲ್ಲೇ ಇಳಿಸಿ ಬಂದಿದ್ದಳು. ಮದುವೆಗೆಂದು ನೋಡಲು ಬಂದವರು ಮೊದಲು ಜೀಪು ಮಾರಿಬಿಡಿ ಎಂದರು. ಅವರನ್ನು ಅದೇ ಜೀಪಿನಲ್ಲಿ ಕೂರಿಸಿ ಬಸ್ಸಿಗೆ ಬಿಟ್ಟು ಬಂದಳು.

ಅವಳ ಕಾಡನ್ನು ಕಾಡೆನ್ನಲು ಈಗ ನಾಚಿಕೆಯಾಗಬೇಕು. ಒಂದು ಕಡೆ ಕಲ್ಲುಕ್ವಾರಿ, ಇನ್ನೊಂದು ಕಡೆ ರಬ್ಬರ್ ತೋಟ, ನಡುವೆ ಉಳಿದದ್ದು ಹರಿದ ಸೆರಗಿನಂಥ ಒಂದು ಪಟ್ಟಿ. ಸುತ್ತಲಿನ ಮರಗಳು ಉರುಳಿದ ಮೇಲೆ ನೆಲೆ ಕಳೆದುಕೊಂಡ ಹಕ್ಕಿಗಳೆಲ್ಲ ಅಲ್ಲೇ ಒತ್ತೊತ್ತಾಗಿ ಬದುಕುತ್ತಿದ್ದವು. ಅವುಗಳಲ್ಲಿ ನೀಲಿ ಕತ್ತಿನ ಪುಟ್ಟ ಶಿಳ್ಳೆಹಕ್ಕಿಯೂ ಒಂದು. ಅದರ ಫೋಟೊ ತೆಗೆಯಲೆಂದೇ ದೂರದಿಂದ ಜನ ಬರುತ್ತಿದ್ದರು. ಬಂದವರಿಗೆ ಉಳಿಯಲು ಗೇರಕ್ಕನ ತಮ್ಮ ನಾಲ್ಕು ಕೋಣೆ ಕಟ್ಟಿಸಿದ್ದ, ಕಾಡಿಗೆ ಕರೆದೊಯ್ಯುವುದು ಅಕ್ಕನ ಕೆಲಸ. ಮನೆಯ ಒಲೆ ಉರಿಯುತ್ತಿದ್ದದ್ದು ಆ ಹಕ್ಕಿಯ ದಯೆಯಿಂದ.

ಆ ಸಲ ಬಂದ ಮೂವರು ಭಾರಿ ಹಕ್ಕಿಪ್ರೇಮಿಗಳು. ಪೊದೆಯೊಳಗಿನ ಗೂಡನ್ನು ಗೇರಕ್ಕ ದೂರದಿಂದ ತೋರಿಸಿದಳು. ಮರಿಗಳು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಅಷ್ಟರಲ್ಲಿ ಅವರಲ್ಲೊಬ್ಬ, ಟೋಪಿಯವನು, ಚೀಲದಿಂದ ಸ್ಪೀಕರ್ ಡಬ್ಬ ತೆಗೆದು ಗುಂಡಿ ಒತ್ತಿದ. ಒಳಗಿನಿಂದ ಅದೇ ಶಿಳ್ಳೆ! ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿದೆ ಎಂದುಕೊಂಡ ಅಪ್ಪಹಕ್ಕಿ, ಮರಿಗಳಿಗೆಂದು ತಂದ ಹುಳವನ್ನು ಅಲ್ಲೇ ಬಿಸಾಕಿ ಡಬ್ಬದ ಮೇಲೆ ಎರಗಿತು. ಕ್ಯಾಮೆರಾಗಳು ಚಟಚಟ ಎಂದವು.

"ಸಾಕು ಸಾರ್, ನಿಲ್ಸಿ. ಮರಿಗಳು ಹಸ್ಕೊಂಡಿವೆ."

"ಒಂದೇ ಒಂದು ಅಕ್ಕ. ರೆಕ್ಕೆ ಬಿಚ್ಚಿದ್ದು ಸಿಕ್ಕಿಲ್ಲ."

ಗೊತ್ತಿಲ್ಲದೆ ಮಾಡಿದ್ದಲ್ಲ. ಈ ಹಕ್ಕಿ ಅಳಿದುಹೋಗುತ್ತಿದೆ ಎಂದು ದಾರಿಯುದ್ದಕ್ಕೂ ಮರುಗಿದವನು ಇದೇ ಟೋಪಿಯವನು. ಮರುಕ ಬಾಯಲ್ಲಿತ್ತು, ಬೆರಳು ಗುಂಡಿಯ ಮೇಲಿತ್ತು. ಒಂದೇ ಒಂದು ಎಂದದ್ದು ಮುಗಿಯುವ ಲಕ್ಷಣವೇ ಇರಲಿಲ್ಲ. ಹಕ್ಕಿ ಕೊಕ್ಕು ತೆರೆದು ಏದುಸಿರು ಬಿಡುತ್ತಿತ್ತು, ಆದರೂ ಇಲ್ಲದ ಶತ್ರುವಿನ ಮೇಲೆ ಮತ್ತೆ ಮತ್ತೆ ಬೀಳುತ್ತಿತ್ತು. ಕಾಡಿನಲ್ಲಿ ಹಾರ್ನ್ ಮಾಡಿದ ಡ್ರೈವರುಗಳ ಜನ್ಮ ಜಾಲಾಡುತ್ತಿದ್ದ ಗೇರಕ್ಕ, ಸೀದಾ ಜೀಪಿಗೆ ಹೋಗಿ ಹಾರ್ನಿನ ಮೇಲೆ ಕೈ ಊರಿದಳು. ಡಬ್ಬದ ಶಿಳ್ಳೆ ಅದರಲ್ಲಿ ಮುಳುಗಿಹೋಯಿತು. ಅವರು ಬೈದುಕೊಂಡು ಡಬ್ಬ, ಕ್ಯಾಮೆರಾ ಎಲ್ಲ ಚೀಲಕ್ಕೆ ತುಂಬುವವರೆಗೂ ಕೈ ತೆಗೆಯಲಿಲ್ಲ.

ಸಂಜೆ ತಮ್ಮ ಕೆಂಡಾಮಂಡಲವಾದ.

"ನಮ್ಮ ಅನ್ನಕ್ಕೆ ನೀನೇ ಕಲ್ಲು ಹಾಕ್ತೀಯಲ್ಲ ಅಕ್ಕ! ಹೋಗಿ ಅವರ ಹತ್ರ ಕ್ಷಮೆ ಕೇಳು."

"ಕೇಳೋದಾದ್ರೆ ಹಕ್ಕಿ ಹತ್ರ ಕೇಳ್ತೀನಿ."

"ಹಾಗಾದ್ರೆ ನಾಳೆ ಗಾಡಿ ನಾನೇ ತಗೊಂಡು ಹೋಗ್ತೀನಿ. ನೀನು ಮನೇಲಿರು."

ಮನೇಲಿರು! ಗೇರಕ್ಕನಿಗೆ ಹೇಳಬಾರದ ಮಾತು ಲೋಕದಲ್ಲಿ ಒಂದಿದ್ದರೆ ಅದು ಅದೇ.

ಬೆಳಿಗ್ಗೆ ಮೂವರನ್ನೂ ಹತ್ತಿಸಿಕೊಂಡು ತಮ್ಮ ಕಾಡು ಹೊಕ್ಕ. ದಾರಿ ಇಕ್ಕಟ್ಟಾಗುವಲ್ಲಿ, ಗೂಡಿಗೆ ಇನ್ನೂ ಸಾಕಷ್ಟು ದೂರವಿರುವಾಗಲೇ, ಅಕ್ಕ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ತಮ್ಮ ಬ್ರೇಕ್ ತುಳಿದ.

"ಏಳಕ್ಕ. ಮಾನ ಕಳೀಬೇಡ."

"ಏಳಲ್ಲ. ಬೇಕಾದ್ರೆ ನನ್ನ ಮೇಲೇ ಹತ್ತಿಸ್ಕೊಂಡು ಹೋಗು."

"ಆ ಹಕ್ಕಿಗೆ ನೀನ್ಯಾರು ಅಂತಾನೂ ಗೊತ್ತಿಲ್ಲ!"

"ಗೊತ್ತಾಗೋದೂ ಬೇಡ. ಅದರ ಮನೆ ಇವರಿಗೆ ತೋರಿಸಿದವಳು ನಾನು. ಬಾಗಿಲು ಹಾಕೋಳೂ ನಾನೇ."

ಟೋಪಿಯವನು ವಾಪಸ್ ಹೋಗೋಣ, ನಿಮ್ಮ ಸಹವಾಸ ಸಾಕು ಎಂದು ರೇಗಿದ. ತಮ್ಮ ಹಿಂದಕ್ಕೆ ತೆಗೆಯಲು ಹೋದ. ಒಂದು ಪಕ್ಕ ದಿಬ್ಬ, ಇನ್ನೊಂದು ಪಕ್ಕ ಹಳ್ಳ. ಹಿಂದಿನ ಚಕ್ರ ಹಳ್ಳದ ಅಂಚಿಗೆ ಜಾರಿ ಮಣ್ಣು ಕುಸಿಯಿತು, ಹಿಂದೆ ಕೂತವರು ಹೋ ಎಂದು ಕಿರುಚಿದರು. ಅಲ್ಲಿಂದ ಜೀಪನ್ನು ಹಿಂದಕ್ಕೆ ತೆಗೆಯುವ ವಿದ್ಯೆ ಊರಲ್ಲಿ ಬರುತ್ತಿದ್ದದ್ದು ಒಬ್ಬಳಿಗೇ. ತಮ್ಮ ಬೆವರು ಒರೆಸಿಕೊಳ್ಳುತ್ತ ಇಳಿದು, ಸೀಟು ಬಿಟ್ಟು ಪಕ್ಕಕ್ಕೆ ನಿಂತ.

ಗೇರಕ್ಕ ಏಳಲಿಲ್ಲ. ಕೂತಲ್ಲಿಂದಲೇ ಟೋಪಿಯವನ ಕಡೆಗೆ ಕೈ ಚಾಚಿದಳು.

"ಮೊದಲು ಆ ಡಬ್ಬ ಕೊಡಿ."