ನಡುಮನೆಯ ತೊಟ್ಟಿ

ಕಾರ್ಖಾನೆಯಲ್ಲಿ ಲೇತ್ ಓಡಿಸುವ ಟರ್ನರ್‌ಗೆ ಮನೆಯಲ್ಲಿ ಮಾತಿಗೆ ಸಿಗುತ್ತಿದ್ದದ್ದು ಮೀನುಗಳು ಮಾತ್ರ. ಒಂದೇ ಸೂರು, ಅಣ್ಣ-ಅತ್ತಿಗೆಗೊಂದು ಕೋಣೆ, ಅವನಿಗೊಂದು ಕೋಣೆ. ನಡುಮನೆ ಎಲ್ಲರದು, ಅಂದರೆ ಕಚ್ಚಾಡುವುದಕ್ಕೆ ಎಲ್ಲರದು. ಅಲ್ಲಿ ಒಂದು ಗೋಡೆಯುದ್ದಕ್ಕೂ ಅವನ ಗಾಜಿನ ತೊಟ್ಟಿ.

ಅದರಲ್ಲಿ ಆಫ್ರಿಕದ ಸಿಕ್ಲಿಡ್ ಮೀನುಗಳು. ಬಣ್ಣ ನೋಡಿದರೆ ಕಣ್ಣು ಕೀಳಲಾಗದು. ಗುಣ ಮಾತ್ರ ನಲ್ಲಿ ಮುಂದಿನ ಜಗಳದ್ದು. ಒಂದೊಂದೂ ಒಂದೊಂದು ಕಲ್ಲಿನ ಸಂದು ಹಿಡಿದು ತನ್ನದೆನ್ನುತ್ತದೆ, ಹತ್ತಿರ ಬಂದವರ ರೆಕ್ಕೆ ಹರಿದುಹಾಕುತ್ತದೆ.

ಲಾರಿ ಓಡಿಸುವ ಅಣ್ಣನಿಗೆ ಆ ತೊಟ್ಟಿ ಕಂಡರೆ ಮೈಯೆಲ್ಲ ಉರಿ. ಫಿಲ್ಟರಿನ ಗುರಗುರಕ್ಕೆ ನಿದ್ದೆ ಹತ್ತುವುದಿಲ್ಲವಂತೆ. ಅದನ್ನು ಹೆಂಡತಿಗೆ ಹೇಳುತ್ತಿದ್ದ, ತಮ್ಮನಿಗೆ ಕೇಳುವ ಹಾಗೆ. ಟರ್ನರ್ ಮೀನುಗಳಿಗೆ ಉತ್ತರ ಕೊಡುತ್ತಿದ್ದ, ಅಣ್ಣನಿಗೆ ಕೇಳುವ ಹಾಗೆ. ಕೊನೆಗೆ ಅಣ್ಣ ನೇರವಾಗಿಯೇ ಹೇಳಿಬಿಟ್ಟ: ಮುಂದಿನ ಲೋಡು ಇಳಿಸಿ ಬರುವಷ್ಟರಲ್ಲಿ ತೊಟ್ಟಿ ನಡುಮನೆಯಲ್ಲಿ ಇರಕೂಡದು, ಇದ್ದರೆ ಮೀನು ಸಮೇತ ಚರಂಡಿಗೆ. ಟರ್ನರ್‌ನ ಕೋಣೆಯಲ್ಲಿ ಮಂಚ ಬಿಟ್ಟರೆ ಚಪ್ಪಲಿ ಬಿಡಲೂ ಜಾಗವಿಲ್ಲ.

ಅದೇ ವಾರ ತೊಟ್ಟಿಯಲ್ಲೂ ರಂಪ. ದೊಡ್ಡ ನೀಲಿ ಗಂಡೊಂದು ಉಳಿದವನ್ನೆಲ್ಲ ಮೂಲೆಗಟ್ಟಿ ಮೆರೆಯುತ್ತಿತ್ತು. ಸಿಕ್ಲಿಡ್ ಸಾಕುವವರು ಇದಕ್ಕೊಂದು ಮದ್ದು ಬಲ್ಲರು: ಕಲ್ಲುಗಳನ್ನೆಲ್ಲ ಎತ್ತಿ ಬೇರೆ ಥರ ಜೋಡಿಸುವುದು. ಯಾವುದು ತನ್ನ ಜಾಗವೆಂದೇ ತಿಳಿಯದೆ ಪೈಲ್ವಾನನೂ ತಬ್ಬಿಬ್ಬಾಗುತ್ತಾನೆ. ಟರ್ನರ್ ಹಾಗೇ ಮಾಡಿದ. ನೀಲಿ ಗಂಡು ತೆಪ್ಪಗಾಯಿತು.

ಅದನ್ನು ನೋಡಿಯೇ ಅವನ ಬುದ್ಧಿ ಅಡ್ಡದಾರಿ ಹಿಡಿದದ್ದು. ಅಣ್ಣ ಲಾರಿ ಹತ್ತಿದ್ದೇ ತಡ, ನಡುಮನೆಯ ಸಾಮಾನಿಗೆ ಕೈಹಾಕಿದ. ಕಿಟಕಿ ಪಕ್ಕದ ಅಣ್ಣನ ಕುರ್ಚಿ ಬಚ್ಚಲ ಬಾಗಿಲಿಗೆ ಹೋಯಿತು. ಟೀವಿ ಎದುರು ಗೋಡೆಗೆ. ಹೊಲಿಗೆ ಮೆಷಿನ್ನು ಅಣ್ಣ ಕಾಲು ಚಾಚುವ ಕಡೆಗೆ. ಇದೇನೆಂದು ಅತ್ತಿಗೆ ಕೇಳಿದ್ದಕ್ಕೆ, ಹೊಸ ಜಾಗದಲ್ಲಿ ಅಣ್ಣನಿಗೆ ಜಗಳ ಮರೆತುಹೋಗುತ್ತದೆ ಎಂದ.

"ಮರೆಯೋಕೆ ನಿಮ್ಮಣ್ಣ ಏನ್ ಮೀನಾ?" ಎಂದು ಅವಳು ಒಳಗೆ ಹೋದಳು.

ಅಣ್ಣ ಬಂದವನು ಅಭ್ಯಾಸಬಲದಿಂದ ಕಿಟಕಿಯ ಹತ್ತಿರ ಕೂರಲು ಹೋಗಿ ದೊಪ್ಪನೆ ನೆಲಕ್ಕೆ ಬಿದ್ದ. ಎದ್ದು, ಕುರ್ಚಿ ಹುಡುಕುತ್ತ ಸುತ್ತ ನೋಡಿದ. ಮದ್ದು ಹತ್ತಿತೆಂದೇ ಟರ್ನರ್ ತಿಳಿದ.

"ಎಲ್ಲಾರ ಜಾಗಾನೂ ಜರುಗಿಸಿದೀಯ. ನಿನ್ ತೊಟ್ಟಿ ಮಾತ್ರ ಅಲ್ಲೇ ಕೂತಿದೆ," ಎಂದ ಅಣ್ಣ.

"ತುಂಬಿದ ತೊಟ್ಟಿ ಜರುಗಿಸಿದ್ರೆ ಗಾಜು ಬಿರುಕು ಬಿಡುತ್ತೆ."

"ಹಾಗಾದ್ರೆ ಖಾಲಿ ಮಾಡೋಣ ಬಾ," ಎಂದು ಅಣ್ಣ ಬಕೆಟ್ಟು ಎತ್ತಿದ.

ಟರ್ನರ್ ಬಕೆಟ್ಟು ಕಿತ್ತುಕೊಂಡ. "ನನ್ ಮೀನು ಮುಟ್ಟಬೇಡ. ನಾನೇ ತೆಗೀತೀನಿ."

ತೆಗೆದೇಬಿಟ್ಟ. ಮೀನುಗಳನ್ನು ಬಕೆಟ್ಟಿಗೆ ಹಿಡಿದು, ನೀರು ಬಸಿದು, ತನ್ನ ಕೋಣೆಯ ಮಂಚವನ್ನು ಹೊರಗೆಳೆದು, ಆ ಜಾಗದಲ್ಲಿ ತೊಟ್ಟಿ ಕೂರಿಸಿದ. ಮಂಚವನ್ನು ನಡುಮನೆಯಲ್ಲಿ ತೊಟ್ಟಿ ಇದ್ದ ಗೋಡೆಗೇ ಒತ್ತಿ ಹಾಕಿದ.

ಕುರ್ಚಿಯನ್ನು ಕಿಟಕಿಗೆ ವಾಪಸು ಎಳೆದುಕೊಂಡು ಕೂತ ಅಣ್ಣನಿಗೆ ಈಗ ಎದುರಿಗೇ, ಮಂಚದ ಮೇಲೆ ಮಲಗಿದ ತಮ್ಮನ ಎರಡು ಅಂಗಾಲು ಕಾಣುತ್ತಿದ್ದವು. ಟರ್ನರ್ ಹೊದಿಕೆಯನ್ನು ಅವುಗಳ ಮೇಲೆ ಎಳೆದುಕೊಳ್ಳಲಿಲ್ಲ.